ಕಿವಿಯಲ್ಲಿ ಹೇಳಿದ ಹೆಸರು

ವಿಜಯನಗರದ ಮಾರೇನಹಳ್ಳಿಯ ಲತಾಗೆ ಬರೆಯುವ ಚಟ. ಚಟ ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಹವ್ಯಾಸ ಅನ್ನಬೇಕಿತ್ತು. ದಿನಕ್ಕೊಂದು ಸಲ ಮಾಡದಿದ್ದರೆ ಊಟ ಸೇರದ ಹವ್ಯಾಸ! ಮಗಳು ಹುಟ್ಟಿದ ವರ್ಷ ಶುರುವಾದ ಅವಳ ಬ್ಲಾಗಿನ ಹೆಸರು ‘ಮೂಲೆಮನೆ’. ಏಳು ವರ್ಷದಿಂದ ಅತ್ತೆಯ ಮಂಡಿನೋವು, ಗಂಡ ಮಂಜುನಾಥನ ಗೊರಕೆ, ಮಗಳು ಚಾರ್ವಿಯ ಬಿದ್ದ ಹಲ್ಲು ಎಲ್ಲವೂ ಅಲ್ಲಿ ಓದಲು ಸಿಗುತ್ತಿದ್ದವು.

ಹಾಗಂತ ಲತಾ ದಡ್ಡಿಯಲ್ಲ. ಬ್ಲಾಗಿನಲ್ಲಿ ಗಂಡ ‘ಶ್ರೀಮಾನ್’, ಮಗಳು ‘ಗುಬ್ಬಿ’. ಮಗಳ ಮುಖದ ಫೋಟೊ ಹಾಕುತ್ತಿರಲಿಲ್ಲ, ಹೆಣೆದ ಜಡೆಯದ್ದು ಹಾಕುತ್ತಿದ್ದಳು. ಶಾಲೆಯ ಹೆಸರು ಬರೆಯುತ್ತಿರಲಿಲ್ಲ, ಶಾಲೆಯ ವ್ಯಾನ್ ನಿಲ್ಲುವ ಮೂಲೆಯಲ್ಲಿ ಹೂವು ಮಾರುವ ಮುನಿಯಣ್ಣನ ಬಗ್ಗೆ ಬರೆಯುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ನಡೆದಿತ್ತು ಅವಳ ಎಚ್ಚರಿಕೆ. ತನ್ನನ್ನು ಯಾರೂ ಗುರುತು ಹಿಡಿಯಲಾರರು ಎಂದೇ ನಂಬಿದ್ದಳು.

ಆ ಮನೆಯಲ್ಲೊಂದು ಪದ್ಧತಿ. ನಾಮಕರಣದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹಿರಿಯರೊಬ್ಬರ ಹೆಸರನ್ನು ಮೂರು ಸಲ ಹೇಳುತ್ತಾಳೆ. ಚಾರ್ವಿಯ ಕಿವಿಯಲ್ಲಿ ಹೇಳಿದ್ದು ಮುತ್ತಜ್ಜಿಯ ಹೆಸರು, ಚಿಕ್ಕಲಕ್ಷ್ಮಮ್ಮ. ಸೊಸೆಯರು ಹಿರಿಯರ ಹೆಸರು ಹಿಡಿದು ಕೂಗುವಂತಿಲ್ಲವಾದ್ದರಿಂದ ಅದನ್ನು ಮನೆಯಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ಮಗಳನ್ನು ಶಾಲೆಗೆ ಸೇರಿಸುವಾಗ ಲತಾಗೆ ಒಂದು ಉಪಾಯ ಹೊಳೆಯಿತು.

“ಯಾರೇ ಕರ್ಕೊಂಡು ಹೋಗೋಕೆ ಬಂದ್ರೂ ಕಿವಿ ಹೆಸರು ಕೇಳು ಕಂದ. ಹೇಳಿದ್ರೆ ನಮ್ಮನೆಯವ್ರು. ಹೇಳ್ದಿದ್ರೆ ಜೋರಾಗಿ ಕಿರುಚ್ಕೋ,” ಎಂದು ಕಲಿಸಿ, ಆ ಹೆಸರನ್ನು ಮೆಲ್ಲಗೆ ಅವಳ ಕಿವಿಯಲ್ಲಿ ಉಸುರಿದಳು.

ಉಪಾಯ ಹೊಳೆದ ಮೇಲೆ ಬರೆಯದೆ ಇರುವುದುಂಟೇ? ಕಳೆದ ಜೂನ್‌ನಲ್ಲಿ ಬರೆದೇಬಿಟ್ಟಳು, ಹೆಸರೊಂದನ್ನು ಬಿಟ್ಟು. ‘ಎಂಥಾ ಬುದ್ಧಿ ಮೇಡಂ ನಿಮ್ಮದು’ ಎಂದು ಓದುಗರು ಹೊಗಳಿದ್ದೇ ಹೊಗಳಿದ್ದು. ಅವರಲ್ಲಿ ‘ನಿತ್ಯ ಓದುಗ’ ಎಂಬ ಹೆಸರಿನವನೂ ಒಬ್ಬ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿದವನಲ್ಲ.

ಆ ಮಂಗಳವಾರ ಅತ್ತೆ ಹೆಗ್ಗನಹಳ್ಳಿಯ ತಂಗಿಯ ಮನೆಗೆ ಹೋಗಿದ್ದರು. ದಿನಾ ವ್ಯಾನ್ ಬಳಿ ಹೋಗಿ ಮೊಮ್ಮಗಳನ್ನು ಕರೆತರುತ್ತಿದ್ದವರು ಅವರೇ. ‘ಇವತ್ತು ಗುಬ್ಬಿಯನ್ನು ಕರೆತರುವ ಡ್ಯೂಟಿ ನನ್ನದು, ಮಧ್ಯಾಹ್ನದ ನಿದ್ದೆಗೆ ಎಳ್ಳುನೀರು’ ಎಂದು ಲತಾ ಬೆಳಿಗ್ಗೆಯೇ ಬರೆದಳು. ಜೊತೆಗೆ ಕಡುಬು ಮಾಡುವ ವಿಧಾನವನ್ನೂ ಹಾಕಿದಳು.

ಮೂರು ಗಂಟೆಗೆ ನಿತ್ಯ ಓದುಗನ ಪ್ರಶ್ನೆ ಬಂತು. ಹಿಟ್ಟಿಗೆ ನೀರು ಎಷ್ಟು ಮೇಡಂ? ಉತ್ತರಿಸಿದಳು. ನೀರು ಕುದಿಯಬೇಕೋ, ಉಗುರುಬೆಚ್ಚಗೆ ಸಾಕೋ? ಅದಕ್ಕೂ ಉತ್ತರಿಸಿದಳು. ನಮ್ಮಮ್ಮ ಬೇರೆ ಥರ ಮಾಡುತ್ತಿದ್ದರು ಎಂದು ಅವನು ಉದ್ದಕ್ಕೆ ಬರೆದ. ತಾಯಿಯ ನೆನಪು ಮಾಡಿಕೊಂಡವನ ಮಾತನ್ನು ಅರ್ಧಕ್ಕೆ ಬಿಡುವುದು ಹೇಗೆ? ಲತಾ ಸಮಾಧಾನದ ನಾಲ್ಕು ಸಾಲು ಬರೆದಳು. ಕೊನೆಗೆ, ಹಬೆಯಲ್ಲಿ ಎಷ್ಟು ನಿಮಿಷ ಇಡಬೇಕು ಎಂದು ಕೇಳಿದ. ಗಡಿಯಾರ ನೋಡಿದರೆ ಮೂರೂ ಹದಿನೇಳು. ವ್ಯಾನ್ ಬರುವುದು ಮೂರೂ ಹತ್ತಕ್ಕೆ.

ಬಾಗಿಲು ಎಳೆದುಕೊಂಡು ಓಡಿದಳು. ಮೂಲೆಯಲ್ಲಿ ವ್ಯಾನೂ ಇಲ್ಲ, ಮಗಳೂ ಇಲ್ಲ. ಮುನಿಯಣ್ಣ ಸೇವಂತಿಗೆ ಕಟ್ಟುತ್ತ ಕೂತಿದ್ದ.

“ಪಾಪು ಆಗ್ಲೇ ಹೋಯ್ತಲ್ಲಮ್ಮ, ಅವ್ರ ಚಿಕ್ಕಪ್ಪನ ಜೊತೆ.”

ಮಂಜುನಾಥನಿಗೆ ತಮ್ಮನೇ ಇಲ್ಲ.

“ನಾನೂ ಸುಮ್ನೆ ಬಿಡ್ಲಿಲ್ಲ ಕಣಮ್ಮ, ಯಾರಪ್ಪ ನೀನು ಅಂತ ಕೇಳ್ದೆ. ಮಗೂನೂ ಏನೋ ಹೆಸರು ಕೇಳ್ತು. ಆವಯ್ಯ ಬಗ್ಗಿ ಕಿವೀಲಿ ಹೇಳ್ದ. ನಗ್ತಾ ಕೈ ಹಿಡ್ಕೊಂಡು ಹೋಯ್ತು. ಪಾರ್ಕ್ ಕಡೆಗೆ.”

ಹೆಸರು ಅವನಿಗೆ ಹೇಗೆ ಸಿಕ್ಕಿತು? ಪಾರ್ಕಿನತ್ತ ಓಡುತ್ತಿರುವಾಗಲೇ ಅವಳಿಗೆ ನೆನಪಾಯಿತು. ಏಳು ವರ್ಷದ ಹಿಂದೆ, ಬಾಣಂತಿ ಕೋಣೆಯಲ್ಲಿ ಕೂತು, ನಾಮಕರಣದ ಬಗ್ಗೆ ಬರೆದ ಮೊದಲ ಬರಹದಲ್ಲಿ ಆ ಹೆಸರಿತ್ತು. ಮುದ್ದಾಗಿದೆ ಎಂದು ತಾನೇ ಬರೆದಿದ್ದಳು. ಜೂನ್‌ನ ಬರಹವನ್ನೂ ಅದನ್ನೂ ಜೋಡಿಸಲು ಬೇಕಾದದ್ದು ತಾಳ್ಮೆ ಮಾತ್ರ. ‘ಅಯ್ಯೋ, ನಾನೇ ಕೊಟ್ಟೆ, ನನ್ನ ಕೈಯಾರೆ ಕೊಟ್ಟೆ’ ಎಂದು ಗಟ್ಟಿಯಾಗಿ ಅಳುತ್ತ ಪಾರ್ಕ್ ಎಲ್ಲಾ ಸುತ್ತಿದಳು. ಮಗಳು ಎಲ್ಲೂ ಇರಲಿಲ್ಲ. ಗಂಡನಿಗೆ ಫೋನ್ ಮಾಡುತ್ತ ಮನೆಯತ್ತ ತಿರುಗಿದಳು.

ಚಾರ್ವಿ ಮನೆಯ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು.

“ಎಲ್ಲಿಗ್ ಹೋಗಿದ್ದೆ ಅಮ್ಮ? ಅಂಕಲ್ ಗೇಟ್ ತನಕ ಬಂದು ಬಿಟ್ಟು ಹೋದ್ರು.”

ಲತಾ ಮಗಳನ್ನು ಅಪ್ಪಿಕೊಂಡಳು, ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. “ಏನ್ ಕೇಳಿದ್ರು ಪುಟ್ಟಿ?”

“ಏನೂ ಕೇಳ್ಲಿಲ್ಲ. ಅವ್ರಿಗೆ ಎಲ್ಲಾ ಗೊತ್ತು. ನನ್ ಹಲ್ಲು ಸಗಣೀಲಿ ಸುತ್ತಿ ಟೆರೇಸ್ ಮೇಲೆ ಎಸೆದಿದ್ದೂ ಗೊತ್ತು.”

ಅಷ್ಟರಲ್ಲಿ ಫೋನ್ ಕಿಣಿ ಅಂದಿತು. ನಿತ್ಯ ಓದುಗ ಬರೆದಿದ್ದ: ‘ಎಷ್ಟು ನಿಮಿಷ ಅಂತ ಹೇಳಲೇ ಇಲ್ಲ ಮೇಡಂ. ಇರಲಿ. ಚಾರ್ವಿ ಮನೆ ಸೇರಿದಳಲ್ಲ.’

ಮಂಜುನಾಥ ಕೆಲಸ ಬಿಟ್ಟು ಓಡಿಬಂದ. ಠಾಣೆಗೆ ಹೋಗಿ ದೂರು ಕೊಟ್ಟು ಬಂದ. ಆಳಿನ ಚಹರೆಯೆಂದು ಅವನಿಗೆ ಹೇಳಲು ಸಿಕ್ಕಿದ್ದು ಮುನಿಯಣ್ಣ ಕಂಡ ಕನ್ನಡಕ, ಬಿಳಿ ಶರ್ಟು ಅಷ್ಟೇ. ವಿಜಯನಗರದಲ್ಲಿ ಅಂಥವರು ಬೀದಿಗೆ ಹತ್ತು ಜನ. ಲತಾ ಕೂತಲ್ಲೇ ಕೂತು ಏಳು ವರ್ಷದ ‘ಮೂಲೆಮನೆ’ಯನ್ನು ಅಳಿಸಿಹಾಕಿದಳು. ಓದಿದವನ ತಲೆಯಿಂದ ಅಳಿಸುವ ಬಟನ್ ಮಾತ್ರ ಅದರಲ್ಲಿ ಇರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಂದರು. ವಿಷಯ ಕೇಳಿ ಸೊಸೆಯನ್ನು ಬೈಯಲಿಲ್ಲ.

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಕಣಮ್ಮ. ಕಿವಿಗ್ ಹೇಳಿದ್ ಹೆಸರು ಬದಲಾಯ್ಸೋಕೆ ಆಗಲ್ಲ. ಬೇರೆ ಏನಾದ್ರೂ ಗುರುತು ಹೇಳ್ಕೊಡು,” ಎಂದರು.

ಮಗು ಹೆದರಬಾರದೆಂದು ಚಾರ್ವಿಗೆ ಯಾರೂ ಏನೂ ಹೇಳಿರಲಿಲ್ಲ. ಲತಾ ಅವಳನ್ನು ದೇವರ ಮನೆಯ ಮುಂದೆ ಕೂರಿಸಿಕೊಂಡಳು. ಇದುವರೆಗೆ ಎಲ್ಲೂ ಬರೆಯದ ಒಂದು ಮಾತಿಗಾಗಿ ತಡಕಾಡಿದಳು. ಮನೆಯಲ್ಲಿ ಹಾಗೆ ಉಳಿದಿದ್ದೇ ಕಡಿಮೆ. ಕಡೆಗೊಂದು ಸಿಕ್ಕಿತು. ಮಗಳ ಕಿವಿಯಲ್ಲಿ ಮೂರು ಸಲ ಹೇಳಿದಳು.

“ಇನ್ಮೇಲೆ ಇದೇ ನಮ್ ಗುಟ್ಟು. ಯಾರಿಗೂ ಹೇಳ್ಬಾರ್ದು.”

ಚಾರ್ವಿಯ ಮುಖ ಅರಳಿತು.

“ಅಂಕಲ್ ಹೇಳಿದ್ದು ನಿಜಾನೇ! ಇವತ್ತು ಅಮ್ಮ ಹೊಸ ಹೆಸರು ಹೇಳ್ಕೊಡ್ತಾಳೆ, ನಾಳೆ ನಂಗೂ ಹೇಳು ಅಂದ್ರು.”

ಲತಾಳ ಕೈ ಮಗಳ ಭುಜದ ಮೇಲೆ ಬಿಗಿಯಾಯಿತು. “ಅವ್ರಿಗೆ ಹೇಳ್ಬಾರ್ದು! ಅವ್ರು ನಮ್ಮನೆಯವ್ರಲ್ಲ.”

“ಇಲ್ಲಮ್ಮ,” ಎಂದಳು ಚಾರ್ವಿ, ಅಮ್ಮನ ತಪ್ಪನ್ನು ತಿದ್ದುವ ದನಿಯಲ್ಲಿ. “ಕಿವಿ ಹೆಸರು ಹೇಳಿದ್ರೆ ನಮ್ಮನೆಯವ್ರು ಅಂತ ನೀನೇ ಹೇಳಿದ್ದಲ್ವಾ?”