ಕಾಶಿಯಲ್ಲಿ ಬಿಟ್ಟ ಕುಂಬಳಕಾಯಿ

ಅತ್ತೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟರೆ ತಿರುಗಿ ಬರುವುದಕ್ಕೆ ಒಂದು ಗಂಟೆ. ಹಾಲು ಹಾಕುವುದು ಹತ್ತು ನಿಮಿಷದ ಕೆಲಸ, ಉಳಿದದ್ದು ಡೇರಿ ಮುಂದಿನ ಕಟ್ಟೆಯ ಮೇಲೆ ಮಂಗಮ್ಮನ ಜೊತೆ ಊರಿನ ಸುದ್ದಿಗೆಲ್ಲ ಒಂದು ಸುತ್ತು ಹಾಕುವುದಕ್ಕೆ. ಆದರೆ ಈಚೆಗೆ ಏನಾಗಿತ್ತೋ, ಅತ್ತೆ ಮುಕ್ಕಾಲು ಗಂಟೆಗೆಲ್ಲ ಬಂದುಬಿಡುತ್ತಿದ್ದರು. ಆ ಹೋದ ಕಾಲು ಗಂಟೆಗಾಗಿ ಅಮೃತಳ ಎದೆ ದಿನಾ ಬೆಳಿಗ್ಗೆ ಡವಗುಟ್ಟುತ್ತಿತ್ತು.

ಅತ್ತೆ ಗೇಟು ದಾಟಿದ ಸದ್ದಾದದ್ದೇ ತಡ, ವಾಷಿಂಗ್ ಮೆಷಿನ್ನಿನ ಹಿಂದಿನಿಂದ ಬಟ್ಟೆಯ ಚೀಲ ಎಳೆದು, ಅದರೊಳಗಿಂದ ಒಂದು ಹೋಳು ಸಿಹಿಗುಂಬಳ ತೆಗೆದಳು. ಬಿಎಸ್ಸಿ ಓದಿದ ಸೊಸೆ ತನ್ನದೇ ಅಡುಗೆಮನೆಗೆ ತರಕಾರಿಯನ್ನು ಕಳ್ಳಮಾಲಿನ ಹಾಗೆ ಸಾಗಿಸಬೇಕಾಗಿ ಬಂದದ್ದು ಯಾವ ಜನ್ಮದ ಪಾಪವೋ ಏನೋ.

ಹೋಳನ್ನು ತೆಳ್ಳಗೆ ಹೆಚ್ಚಿ ಹಬೆಯಲ್ಲಿ ಬೇಯಿಸಿದಳು. ಇನ್ನೊಂದು ಒಲೆಯ ಮೇಲೆ ಕುಕ್ಕರಿನ ತಳಕ್ಕೆ ಕಲ್ಲುಪ್ಪು ಹರಡಿ, ವಾಷರು, ವಿಜಲು ತೆಗೆದಿಟ್ಟು ಕಾಯಲು ಬಿಟ್ಟಳು. ಅದೇ ಅವಳ ಓವನ್ನು. ಓಟ್ಸು, ಹಾಲು, ಕಿವುಚಿದ ಎರಡು ಬಾಳೆಹಣ್ಣು, ಬೆಲ್ಲದ ಪುಡಿ, ಬೆಂದ ಕುಂಬಳ, ಎಲ್ಲವನ್ನೂ ಕಲಸಿ, ವಾಸನೆ ಮುಚ್ಚಲು ಏಲಕ್ಕಿ ಧಾರಾಳವಾಗಿ ಹಾಕಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಮೇಲೆ ನಾಲ್ಕು ದ್ರಾಕ್ಷಿ ಒತ್ತಿದಳು. ಕುಕ್ಕರಿನಲ್ಲಿಟ್ಟು ಮುಚ್ಚಿದರೆ ಅರ್ಧ ಗಂಟೆ. ಸಿಪ್ಪೆಯನ್ನು ಹಸುವಿನ ಕಲಗಚ್ಚಿನ ಬಕೆಟ್ಟಿನ ತಳಕ್ಕೆ ತಳ್ಳಿ, ಮೇಲೆ ಬಾಳೆಹಣ್ಣಿನ ಸಿಪ್ಪೆ ಮುಚ್ಚಿದಳು. ಆಮೇಲೆ ಗಡಿಯಾರ ನೋಡುತ್ತ ನಿಂತಳು.

ಇಷ್ಟೆಲ್ಲ ಒದ್ದಾಟ ಆರು ವರ್ಷದ ಚೈತನ್ಯನಿಗಾಗಿ. ತರಕಾರಿ ಎಂದರೆ ಹುಡುಗನಿಗೆ ವಿಷ. ಉಪ್ಪಿಟ್ಟಿನಲ್ಲಿ ಕ್ಯಾರೆಟ್ಟಿನ ಚೂರೊಂದು ಕಂಡರೆ ತಟ್ಟೆಯನ್ನೇ ದೂಡುತ್ತಿದ್ದ. ಬೀಟ್‌ರೂಟು ಬಣ್ಣ ಬಿಟ್ಟು ಸಿಕ್ಕಿಬೀಳುತ್ತಿತ್ತು, ಸೊಪ್ಪಂತೂ ಹಸಿರಾಗಿಯೇ ಇರುತ್ತಿತ್ತು. ಗೌರಿಬಿದನೂರಿನ ಮಕ್ಕಳ ಡಾಕ್ಟರು ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತುಟಿ ಕಚ್ಚಿಕೊಂಡಿದ್ದರು. ಹದಿನಾಲ್ಕೂವರೆ ಕೆಜಿ. "ಒಂದು ತಿಂಗಳು ನೋಡೋಣಮ್ಮ. ಅರ್ಧ ಕೆಜಿ ಆದ್ರೂ ಏರ್ಬೇಕು. ಇಲ್ದಿದ್ರೆ ಬೆಂಗಳೂರಿಗೆ ಬರ್ಕೊಡ್ತೀನಿ, ದೊಡ್ಡ ಟೆಸ್ಟುಗಳು ಮಾಡಿಸ್ಬೇಕಾಗುತ್ತೆ" ಎಂದಿದ್ದರು. ಆ ದೊಡ್ಡ ಟೆಸ್ಟು ಎಂಬ ಮಾತು ಅಮೃತಳನ್ನು ಮಲಗಗೊಡಲಿಲ್ಲ. ಮೊಬೈಲಿನಲ್ಲಿ ಹುಡುಕಿ ಹುಡುಕಿ ಈ ಓಟ್ಸಿನ ತಿಂಡಿ ಕಂಡುಕೊಂಡಳು. ಹಾಕಿದ್ದು ಗೊತ್ತಾಗದ ಹಾಗೆ ಅದರಲ್ಲಿ ಕರಗಿಹೋಗುವ ತರಕಾರಿ ಒಂದೇ, ಬಾಳೆಹಣ್ಣಿನ ಬಣ್ಣದ ಸಿಹಿಗುಂಬಳ. ಹುಡುಗ ಅದಕ್ಕೆ ಓಟ್ಸ್ ಕೇಕು ಎಂದು ಹೆಸರಿಟ್ಟು, ದಿನಾ ಬೇಕೆಂದ.

ಪ್ರಪಂಚದಲ್ಲಿ ಅಷ್ಟು ತರಕಾರಿ ಇರುವಾಗ ಅದೊಂದೇ ಆ ಮನೆಗೆ ಬರುವಂತಿರಲಿಲ್ಲ.

ಚೈತನ್ಯ ಏಳು ತಿಂಗಳಿಗೇ ಹುಟ್ಟಿದ ಕೂಸು. ಇಪ್ಪತ್ತಾರು ದಿನ ಗಾಜಿನ ಪೆಟ್ಟಿಗೆಯಲ್ಲಿ ಉಸಿರಿಗೆ ಒದ್ದಾಡಿದ್ದ. ಆಗ ಅತ್ತೆ ವೆಂಕಟರತ್ನಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹರಸಿಕೊಂಡಿದ್ದರು, ಮಗು ಉಳಿದರೆ ಕಾಶಿಗೆ ಬರುತ್ತೇನೆ, ನನಗೆ ಪ್ರಾಣವಾದದ್ದನ್ನು ಅಲ್ಲೇ ಬಿಡುತ್ತೇನೆ ಎಂದು. ಕಾಶಿಗೆ ಹೋದವರು ಒಂದು ಹಣ್ಣನ್ನೋ ಕಾಯನ್ನೋ ಬಿಟ್ಟು ಬರಬೇಕು, ಸಾಯುವವರೆಗೂ ಅದನ್ನು ಮುಟ್ಟಬಾರದು. ಬುದ್ಧಿವಂತರು ತಮಗೆ ಸೇರದ್ದನ್ನೇ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ಮಾವ ನರಸಿಂಹಪ್ಪನವರು ಹುಟ್ಟಿದಾಗಿನಿಂದ ಬಾಯಿಗಿಡದ ಸೀಮೆಬದನೆಯನ್ನು ಬಿಟ್ಟು ಬಂದರು. ವೆಂಕಟರತ್ನಮ್ಮ ಬಿಟ್ಟದ್ದು ಸಿಹಿಗುಂಬಳವನ್ನು, ಅವರ ಬಾಯಲ್ಲಿ ಅದು ಗುಮ್ಮಡಿಕಾಯಿ. ಬೆಲ್ಲ ಹಾಕಿದ ಗುಮ್ಮಡಿಕಾಯಿ ಹುಳಿ ಇದ್ದರೆ ಎರಡು ಮುದ್ದೆ ಜಾಸ್ತಿ ಉಣ್ಣುತ್ತಿದ್ದ ಹೆಂಗಸು. ಮಿಕ್ಕವರು ತಿನ್ನಬಾರದೆಂದು ಶಾಸ್ತ್ರವೇನೂ ಇರಲಿಲ್ಲ. ಆದರೆ ಬಿಟ್ಟವಳ ಕಣ್ಣೆದುರಿಗೆ ಅದು ಬೇಯುವುದು ಬೇಡ ಎಂದು ಮಾವ ಒಂದೇ ಮಾತು ಹೇಳಿದ್ದರು, ಅಲ್ಲಿಂದ ಅದು ಹೊಸಿಲು ದಾಟಿರಲಿಲ್ಲ.

ಅತ್ತೆಗೆ ಗೊತ್ತಾಗದ ಹಾಗೆ ಮಗುವಿಗೆ ತಿನ್ನಿಸಿಬಿಟ್ಟರೆ ಆಯಿತು, ತಪ್ಪೇನು? ಅಮೃತ ಹಾಗೆಂದುಕೊಂಡಳು. ಅತ್ತೆ ಬಂದು ಜಗಲಿಯಲ್ಲಿ ಕೂರುವ ಹೊತ್ತಿಗೆ ಚೈತನ್ಯ ತನ್ನ ತಟ್ಟೆ ಎತ್ತಿಕೊಂಡು ಹೊರಗೆ ಓಡುತ್ತಿದ್ದ, ಖಾಲಿ ತಟ್ಟೆ ತರುತ್ತಿದ್ದ. ಗಂಡ ರಮೇಶ್‌ಬಾಬುವಿನ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಅವಳು ಆ ಖಾಲಿ ತಟ್ಟೆ ನೋಡಿ ಸಮಾಧಾನಪಡುತ್ತಿದ್ದಳು.

ತಿಂಗಳಾಯಿತು. ಡಾಕ್ಟರು ಮತ್ತೆ ತೂಕ ಹಾಕಿದರು. ನೂರು ಗ್ರಾಂ ಏರಿತ್ತು, ಅಷ್ಟೇ. "ಇನ್ನು ಹದಿನೈದು ದಿನ ಕೊಡ್ತೀನಿ" ಎಂದು ಚೀಟಿಯ ಮೇಲೆ ತಾರೀಖು ಬರೆದರು. ಸ್ಕೂಟಿಯಲ್ಲಿ ವಾಪಸು ಬರುವಾಗ ಅಮೃತ ವಿದುರಾಶ್ವತ್ಥದ ರಸ್ತೆಯ ಒಂದು ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸಿ ಮಗನನ್ನು ಇಳಿಸಿದಳು.

"ಚೈತು, ಓಟ್ಸ್ ಕೇಕು ಪೂರ್ತಿ ತಿಂತೀಯಾ ಅಲ್ವೇನಪ್ಪ?"

"ಹೂಂ. ಅರ್ಧ ನಾನು, ಅರ್ಧ ಅಜ್ಜಿ."

"ಯಾವತ್ತಿಂದ?"

"ದಿನಾ. ನಾನೇ ಬಾಯಿಗೆ ಇಡ್ತೀನಿ. ಅಜ್ಜಿ ಕಣ್ ಮುಚ್ಕೊಂಡು ತಿಂತಾಳೆ" ಎಂದ ಹುಡುಗ, ಖುಷಿಯಿಂದ.

ಮನೆಗೆ ಬಂದು ಹಿತ್ತಲಿಗೆ ಹೋಗಿ ಗಂಡನಿಗೆ ಫೋನ್ ಮಾಡಿದಳು. ತಾಲ್ಲೂಕು ಕಚೇರಿಯ ಗದ್ದಲದಲ್ಲಿ ರಮೇಶ್‌ಬಾಬು ಗಂಟಲು ತಗ್ಗಿಸಿ, "ಸುಮ್ನಿರು ಮಾರಾಯ್ತಿ, ಹೇಳೋಕೆ ಹೋಗ್ಬೇಡ. ಗೊತ್ತಿಲ್ದೆ ತಿಂದ್ರೆ ದೋಷ ಇಲ್ಲ" ಎಂದ.

"ಹಂಗಂತ ಯಾರ್ ಹೇಳಿದ್ರು?"

"ಯಾರೋ ಹೇಳ್ತಾರಪ್ಪ" ಎಂದು ಫೋನಿಟ್ಟ.

ಅಮೃತ ಇಂಥದ್ದನ್ನೆಲ್ಲ ನಂಬುವವಳಲ್ಲ. ಅಮಾವಾಸ್ಯೆಯ ದಿನವೇ ಹೊಸ ಸ್ಕೂಟಿ ತಂದವಳು. ಆದರೆ ಆ ಹರಕೆ ಬೇರೆ ಯಾರದೂ ಅಲ್ಲ, ಅವಳ ಕೂಸಿನ ಉಸಿರಿನದು. ಅದನ್ನು ಮುರಿದದ್ದು ಅವಳದೇ ಕೈ. ಸಂಜೆಯವರೆಗೆ ನಾಲ್ಕು ಸಲ ಮಗನ ಹಣೆ ಮುಟ್ಟಿ ನೋಡಿದಳು. ಅವನು ಒಂದು ಸಲ ಕೆಮ್ಮಿದ್ದಕ್ಕೆ ಕೈಲಿದ್ದ ಲೋಟ ಕೆಳಗೆ ಬಿತ್ತು. ಭಯಕ್ಕೆ ಬಿಎಸ್ಸಿ ಗೊತ್ತಿಲ್ಲ ಎಂಬುದು ಅವಳಿಗೆ ಆ ದಿನ ಅರ್ಥವಾಯಿತು. ಡಾಕ್ಟರು ಏನಂದರು ಎಂದು ಅತ್ತೆ ಕೇಳಿದಾಗ "ಪರವಾಗಿಲ್ವಂತೆ" ಎಂದು ಮುಖ ತಪ್ಪಿಸಿದಳು.

ಮರುದಿನ ಬೆಳಿಗ್ಗೆ ಕುಂಬಳದ ಹೋಳು ತೆಗೆಯಲು ಕೈ ಏಳಲಿಲ್ಲ. ಬರೀ ಬಾಳೆಹಣ್ಣು ಹಾಕಿ ಬೇಯಿಸಿದಳು. ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಚೈತನ್ಯ ಒಂದು ತುಂಡು ಮುರಿದು ಅಜ್ಜಿಯ ಬಾಯಿಗಿಟ್ಟ. ವೆಂಕಟರತ್ನಮ್ಮ ಕಣ್ಣು ಮುಚ್ಚಿದರು, ಅಗಿದರು, ಕಣ್ಣು ತೆರೆದರು. ಸಂತೆಗೆ ಹೋದವರು ಬರಿಗೈಲಿ ಬಂದದ್ದನ್ನು ಕಂಡ ಮಕ್ಕಳ ಮುಖದ ಹಾಗಾಯಿತು ಅವರ ಮುಖ. ಮೆಲ್ಲಗೆ ತಿರುಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಮೃತ ಸರಕ್ಕನೆ ಹಿಂದೆ ಸರಿದಳು. ಹುಡುಗನೂ ಎರಡು ತುತ್ತು ತಿಂದು, "ಇದು ಆ ಕೇಕಲ್ಲ" ಎಂದು ತಟ್ಟೆ ವಾಪಸು ತಂದ.

ಇನ್ನು ತಡೆಯಲಾಗಲಿಲ್ಲ. ಗಂಡ ಆಫೀಸಿಗೆ, ಮಗ ಸ್ಕೂಲಿಗೆ, ಮಾವ ಜೋಳದ ಹೊಲಕ್ಕೆ ಹೋದ ಮೇಲೆ ಜಗಲಿಗೆ ಬಂದಳು. ಅತ್ತೆ ಮೊರ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಅಮೃತ ಎದುರಿಗೆ ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು, ಒಂದನ್ನೂ ಸುಲಿಯಲಿಲ್ಲ.

"ಅತ್ತೆ, ನನ್ನಿಂದ ಒಂದು ತಪ್ಪಾಗಿದೆ."

"ಗುಮ್ಮಡಿಕಾಯಿ ತಾನೇ" ಎಂದರು ವೆಂಕಟರತ್ನಮ್ಮ, ತಲೆ ಎತ್ತದೆ.

ಅಮೃತ ಹಿಡಿದಿದ್ದ ಕಾಯಿಗಳನ್ನು ಮೊರಕ್ಕೆ ಹಾಕಿದಳು.

"ಐವತ್ತು ವರ್ಷ ಅದನ್ನ ತಿಂದ ಬಾಯಿ ಕಣಮ್ಮ ಇದು. ಒಂದು ಹಿಡಿ ಏಲಕ್ಕಿ ಸುರಿದ್ಬಿಟ್ರೆ ಗೊತ್ತಾಗಲ್ವಾ? ಅದೂ ಅಲ್ದೆ ಸಿಪ್ಪೆ ಕಲಗಚ್ಚಿಗೆ ಹಾಕ್ತೀಯ. ಹಸೂಗೆ ಕಲಗಚ್ಚು ಇಡೋರು ಯಾರು, ನಿಮ್ಮಪ್ಪನಾ?"

"ಗೊತ್ತಿದ್ದೂ ತಿಂದ್ರಾ ಅತ್ತೆ?"

ಅತ್ತೆಯ ಬೆರಳು ನಿಂತಿತು. "ಮೊದಲ್ನೇ ದಿನ ಅವನು ಬಾಯಿಗಿಟ್ಟ. ಯಾರಿಗೋಸ್ಕರ ಬಿಟ್ಟೆನೋ ಅವನೇ ತಂದು ಬಾಯಿಗಿಟ್ರೆ ಬೇಡ ಅನ್ನೋದು ಹೆಂಗೆ? ಆ ವಿಶ್ವನಾಥನೇ ಇವನ ಕೈಲಿ ಕಳಿಸ್ದ ಅನ್ಕೊಂಡು ನುಂಗ್ದೆ." ಒಂದು ಕಾಯಿ ಸುಲಿದು ಮೊರಕ್ಕೆ ಹಾಕಿದರು. "ಎರಡನೇ ದಿನ ಹಂಗಲ್ಲ. ಎರಡನೇ ದಿನ ನಾನೇ ಮಂಗಮ್ಮನ್ನ ಅರ್ಧ ಮಾತಲ್ಲಿ ಬಿಟ್ಟು ಓಡಿ ಬಂದೆ. ಆಸೆ ಕಣಮ್ಮ, ಬಾಯಾಸೆ. ಅವತ್ತಿಂದ ದಿನಾ ಹೆದರ್ಕೊಂಡು ತಿಂತಾ ಇದೀನಿ. ಅವನಿಗೇನಾದ್ರೂ ಆದ್ರೆ ಅಂತ."

ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು ಒಂದೇ ಭಯವನ್ನು ಒಬ್ಬರಿಗೊಬ್ಬರು ಕಾಣದ ಹಾಗೆ ಬಚ್ಚಿಟ್ಟುಕೊಂಡಿದ್ದರು. ಅಮೃತಳಿಗೆ ಅಳು ಬಂತು. ಅಳುತ್ತಲೇ ಉಳಿದದ್ದನ್ನೂ ಹೇಳಿಬಿಟ್ಟಳು, ನೂರು ಗ್ರಾಮಿನ ಮಾತು, ಹದಿನೈದು ದಿನದ ಗಡುವು, ಬೆಂಗಳೂರಿನ ಮಾತು.

ವೆಂಕಟರತ್ನಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು. ಕಾಶಿಯ ವಿಷಯ ಆಡುವಾಗ ಇಲ್ಲದ ಗಾಬರಿ ಈಗ ಅವರ ಕಣ್ಣಲ್ಲಿತ್ತು. "ದಿನಾ ಅರ್ಧ ನಾನು ತಿಂತಿದ್ದೆ."

"ಅಷ್ಟಕ್ಕೇ ಏನಾಗಲ್ಲ ಅತ್ತೆ."

"ಏನಾಗಲ್ಲ ಅಂತ ಹೆಂಗ್ ಹೇಳ್ತೀಯ? ಆ ಕೂಸಿನ ಪಾಲು ನಾನು ತಿಂದೆ. ನಿಮ್ಮವ್ವಂಗೂ ಹೇಳ್ಬೇಡ ಇದನ್ನ."

"ನಾಳೆಯಿಂದ ಎರಡು ತಟ್ಟೆ ಮಾಡ್ತೀನಿ. ನಿಮಗೆ ಬೇರೆ, ಕುಂಬಳ ಹಾಕ್ದೆ."

"ಬೇಡ. ನೀನು ಹತ್ತು ತಟ್ಟೆ ಮಾಡು, ನಾನು ಬಾಯಿ ತೆಗ್ದೆ ಅಂದ್ರೆ ಅವನು ತನ್ನದನ್ನೇ ತಂದು ತುರುಕ್ತಾನೆ. ನಿಂಗೊತ್ತಿಲ್ಲ ಅವನು." ಮೂಗು ಒರೆಸಿಕೊಂಡು ಮತ್ತೆ ಮೊರ ಎಳೆದುಕೊಂಡರು.

ಮರುದಿನ ಬೆಳಿಗ್ಗೆ ಡೇರಿಗೆ ಹೊರಡುವ ಮುಂಚೆ ಅತ್ತೆ ಅಡುಗೆಮನೆಗೆ ಬಂದರು. "ಎಲ್ಲಿಟ್ಟಿದ್ದೀಯ, ತೆಗಿ" ಎಂದರು. ಅಮೃತ ಬಟ್ಟೆಯ ಚೀಲ ತಂದಳು. ಅವರು ಆ ಹೋಳನ್ನು ತೊಳೆದು, ಬೀಜ ಕೆರೆದು, ಈಳಿಗೆಮಣೆಯ ಮೇಲೆ ತೆಳ್ಳಗೆ ಹೆಚ್ಚಿಟ್ಟು, "ಏಲಕ್ಕಿ ಕಮ್ಮಿ ಹಾಕು" ಎಂದು ಹೇಳಿ ಕ್ಯಾನು ಎತ್ತಿಕೊಂಡು ಹೋದರು. ಆರು ವರ್ಷದ ಮೇಲೆ ಆ ಮನೆಯ ಒಲೆಯ ಮೇಲೆ ಸಿಹಿಗುಂಬಳ ಬಚ್ಚಿಕೊಳ್ಳದೆ ಬೆಂದಿತು. ಅಮೃತ ಗಡಿಯಾರ ನೋಡಬೇಕಾಗಿರಲಿಲ್ಲ. ಆದರೂ ನೋಡುತ್ತಲೇ ಇದ್ದಳು, ಇನ್ನೊಂದು ತೂಕಕ್ಕೆ ಹದಿಮೂರು ದಿನ ಉಳಿದಿತ್ತಲ್ಲ.

ಆ ದಿನ ಅತ್ತೆ ಪೂರ್ತಿ ಒಂದು ಗಂಟೆ ಬಿಟ್ಟು ಬಂದರು. ಚೈತನ್ಯ ತಟ್ಟೆ ಮುಂದಿಟ್ಟುಕೊಂಡು ಜಗಲಿಯಲ್ಲಿ ಕಾಯುತ್ತಿದ್ದ. ಅವರು ಕೂತದ್ದೇ ಒಂದು ತುಂಡು ಮುರಿದು ಬಾಯಿಯ ಹತ್ತಿರ ಹಿಡಿದ. ವೆಂಕಟರತ್ನಮ್ಮ ತುಟಿ ಬಿಗಿಹಿಡಿದು ತಲೆಯಾಡಿಸಿದರು.

"ತಿನ್ನಜ್ಜಿ."

"ನಂಗೆ ಬೇಡ ನಾಯ್ನಾ. ನಾನು ಬಿಟ್ಬಿಟ್ಟಿದೀನಿ."

"ಯಾಕೆ?"

"ನೀನು ತಿನ್ಲಿ ಅಂತ."

ಹುಡುಗ ತುಂಡನ್ನು ಹಿಡಿದುಕೊಂಡೇ ಅಜ್ಜಿಯ ಮುಖವನ್ನೇ ನೋಡಿದ. ಬಾಗಿಲ ಮರೆಯಲ್ಲಿ ಅಮೃತ ನಿಂತು ನೋಡುತ್ತಿದ್ದಳು. ಅವನು ಆ ತುಂಡನ್ನು ತನ್ನ ಬಾಯಿಗೇ ಹಾಕಿಕೊಂಡ. ಆಮೇಲೆ ಇನ್ನೊಂದು. ಕೊನೆಗೆ ದ್ರಾಕ್ಷಿ ಅಂಟಿದ ಮೂಲೆಯನ್ನೂ ತಿಂದು, ತಟ್ಟೆ ತಲೆಕೆಳಗು ಮಾಡಿ ತೋರಿಸಿದ.

ಅವನ ತುಟಿಯಂಚಿಗೆ ಹಳದಿ ಚೂರೊಂದು ಅಂಟಿತ್ತು. ವೆಂಕಟರತ್ನಮ್ಮ ಅದನ್ನು ತೋರುಬೆರಳಿನಿಂದ ಒರೆಸಿದರು. ಬೆರಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗಿಗೆ ಒರೆಸಿಕೊಂಡರು.