ಮಹಡಿ ಕೋಣೆಯ ಲೋಕಲ್ ಕಾಲ್

ದೂರವಾಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಬೇರೆ ಕಂಪನಿಯಿಂದ ನಮ್ಮ ಲೈನಿಗೆ ಬಂದ ಕರೆ ಲೋಕಲ್ಲೋ, ಎಸ್‌ಟಿಡಿಯೋ, ಫಾರಿನ್ನೋ ಎಂದು ವಿಂಗಡಿಸುವುದು. ಅದನ್ನು ಮುಟ್ಟಿಸಿದ್ದಕ್ಕೆ ಆ ಕಂಪನಿ ನಮಗೆಷ್ಟು ಕೊಡಬೇಕೆಂದು ಬರೆಯುವುದು. ನಿವೃತ್ತನಾಗಿ ಕುಶಾಲನಗರದಲ್ಲಿ ಮನೆ ಕಟ್ಟಿಸಿದ ಮೇಲೂ ಈ ವಿಷಯ ನನ್ನನ್ನು ಬಿಟ್ಟಿರಲಿಲ್ಲ. ನಾನು ಬಾಯಿ ತೆರೆದರೆ ನೆಂಟರು ಬಸ್ಸಿನ ಟೈಮು ನೋಡುತ್ತಿದ್ದರು.

ಕಳೆದ ವರ್ಷ ಮಹಡಿಯ ಕೋಣೆಯನ್ನು ಮಂಜೇಶ್ ಎಂಬವರಿಗೆ ಬಾಡಿಗೆಗೆ ಕೊಟ್ಟೆ. ಆನ್‌ಲೈನ್ ಟ್ಯೂಷನ್ ನಡೆಸುತ್ತಾರಂತೆ, ಕರೆಂಟು ಹೋಗಬಾರದಂತೆ. ನಾನೇ ನಿಂತು ಇನ್ವರ್ಟರ್ ಹಾಕಿಸಿಕೊಟ್ಟೆ.

ನನ್ನ ಹೆಂಡತಿ ಮಹಾದೇವಮ್ಮನ ತಂಗಿ ವೀಣಾ ಮಸ್ಕತ್‌ನಲ್ಲಿ ನರ್ಸು. ಒಂದು ಮಧ್ಯಾಹ್ನ ಅವಳ ಫೋನ್ ಬಂತು.

"ರೀ, ಮಾಡಿದ್ದು ಮಸ್ಕತ್ತಿಂದ. ನಂಬರ್ ನೋಡಿದ್ರೆ ನಮ್ಮ ದೇಶದ್ದು?" ಎಂದಳು ಮಹಾದೇವಮ್ಮ, ಮಾತು ಮುಗಿಸಿ ಬಂದು.

"ಇಂಟರ್ನೆಟ್ ಕಾಲ್ ಹಾಗೇ ತೋರ್ಸೋದು ಕಣೇ, ನಿನಗರ್ಥ ಆಗಲ್ಲ," ಎಂದು ಶುರುಮಾಡಿ, ತಟ್ಟೆಯ ಅನ್ನ ಆರುವ ತನಕ ಅರ್ಥ ಮಾಡಿಸಿದೆ. ಅವಳು ನನ್ನ ಮಾತು ಮುಗಿಯುವುದನ್ನು ಕಾದು, ಪಾತ್ರೆ ಎತ್ತಿಟ್ಟು, ಸರ್ಕಾರದ ಸಹಾಯವಾಣಿಗೆ ದೂರು ಕೊಟ್ಟಳು. ಇದು ನನಗೆ ಗೊತ್ತಾಗಿದ್ದು ಹದಿನೈದು ದಿನದ ಮೇಲೆ, ಗೇಟಿಗೆ ಪೊಲೀಸ್ ಜೀಪು ಬಂದಾಗ.

ಜೀಪಿನಿಂದ ಚಿತ್ರಾ ಇಳಿದರು. ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತವರು, ಈಗ ನಮ್ಮ ಇಲಾಖೆಯಲ್ಲೇ ಅಧಿಕಾರಿ. ಏನೋ ಸಲಹೆ ಕೇಳಲು ಬಂದಿದ್ದಾರೆಂದು ನಾನು ಒಳ್ಳೆಯ ಶರ್ಟು ಹಾಕಿಕೊಂಡು ಬಂದೆ.

"ಸರ್, ಮಹಡಿ ಕೋಣೆಯ ಇನ್ನೊಂದು ಕೀಲಿ ಇದೆಯಾ?"

ಒಳಗೆ ಪಾಠ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಮೇಜಿನ ಮೇಲೆ ಅರವತ್ತನಾಲ್ಕು ಸಿಮ್ ತುರುಕಿದ ಪೆಟ್ಟಿಗೆಯೊಂದು ಮಿಣಮಿಣ ಎನ್ನುತ್ತಿತ್ತು. ಹೊರದೇಶದ ಕರೆಗಳು ಇಂಟರ್ನೆಟ್‌ನಲ್ಲಿ ಅಲ್ಲಿಗೆ ಬಂದು, ಆ ಸಿಮ್‌ಗಳಿಂದ ಲೋಕಲ್ ಕರೆಯ ವೇಷದಲ್ಲಿ ಹೊರಡುತ್ತಿದ್ದವು. ಮಹಾದೇವಮ್ಮ ದೂರು ಕೊಟ್ಟ ನಂಬರೂ ಆ ಸಿಮ್‌ಗಳಲ್ಲೊಂದರದ್ದೇ. ಫಾರಿನ್ ಕರೆಗೆಂದು ಇಲ್ಲಿನ ಫೋನ್ ಕಂಪನಿಗೆ ಸಲ್ಲಬೇಕಾದ ಹಣ ಮಂಜೇಶನ ಜೇಬಿಗೆ.

"ಇದನ್ನ ಹಿಡಿಯೋದು ಹೇಗೆ ಅಂತ ನೀವೇ ಅಲ್ವಾ ಸರ್ ನಮಗೆ ಹೇಳಿಕೊಟ್ಟಿದ್ದು?" ಎಂದರು ಚಿತ್ರಾ. ಪಾಪ, ನಗಲಿಲ್ಲ.

ಮಂಜೇಶ ಬೈಲಕುಪ್ಪೆಯ ಹತ್ತಿರ ಸಿಕ್ಕಿಬಿದ್ದ. ನಾನು ಮೂರು ಸಲ ಠಾಣೆಗೆ ಅಲೆದು, ನಾನು ಕಳ್ಳನಲ್ಲ, ಬರೀ ದಡ್ಡ ಎಂಬರ್ಥದ ಹೇಳಿಕೆ ಬರೆದುಕೊಟ್ಟೆ. ಇನ್ಸ್‌ಪೆಕ್ಟರ್ ಬೆಳ್ಯಪ್ಪ ಎರಡು ಸಲ ಓದಿ, "ನಂಬೋ ಹಾಗಿದೆ," ಎಂದರು.

ಮುಂದಿನ ತಿಂಗಳು ಮಡಿಕೇರಿಯ ಸಭೆಯೊಂದರಲ್ಲಿ ಮಹಾದೇವಮ್ಮನಿಗೆ ಶಾಲು ಹೊದಿಸಿದರು. ಮೈಕು ಕೊಟ್ಟಾಗ ಅವಳು, "ನಂಬರ್ ಬೇರೆ ಇತ್ತು, ಹೇಳಿದೆ, ಅಷ್ಟೆ," ಎಂದು ಕೂತುಬಿಟ್ಟಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನೇ. ಹೊಟ್ಟೆಯೊಳಗೆ ಸ್ವಲ್ಪ ಉರಿಯಿತು, ಸುಳ್ಳೇಕೆ ಹೇಳಲಿ.