ಏಳನೆಯ ಬಾಗಿಲು

“ಇಂಥಾ ಮೋಸ ಯಾರಾರ ಮಾಡ್ತಾರೇನ ಗಂಗಕ್ಕ! ಅಗಳಿ ತಗದವರು ಯಾರಂತ ಹೇಳದೇ ಹೋದ್ಯಲ್ಲ!”

ಅಂಗಳದ ಮಂದಿಯನ್ನು ಸರಿಸಿಕೊಂಡು ಬಂದ ಹಮೀದುನ್ನಿಸಾ ಹೆಣದ ಮುಂದೆ ಕುಸಿದು ಕುಳಿತಳು. ಪ್ರತಿ ತಿಂಗಳಿನಂತೆ ಈ ಸಲವೂ ಕತೆ ಕೇಳಲೆಂದು ಬೀದರದಿಂದ ಬೆಳಗಿನ ಮೋಟಾರಿಗೆ ಬಂದವಳಿಗೆ, ಇಳಿದ ಕೂಡಲೇ ಸಾವಿನ ಸುದ್ದಿ ಸಿಕ್ಕಿತ್ತು. ಗೋಡೆಗೆ ಒರಗಿಸಿ ಕೂಡಿಸಿದ್ದ ಗಂಗುಬಾಯಿ ಹಣೆ ತುಂಬ ಭಂಡಾರ ಹಚ್ಚಿಸಿಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಕಣ್ಣು ಮುಚ್ಚಿದ್ದಳು. ಹಲಬರ್ಗಾದ ಹೆಂಗಸರು ಅಳು ನಿಲ್ಲಿಸಿದರು.

“ಯಾವ ಅಗಳಿ ಯವ್ವಾ?” ಎಂದಳು ನೆರೆಮನೆಯ ಮುದುಕಿ ಸತ್ಯಮ್ಮ.

“ಕತ್ಯಾಗಿನ ಏಳನೇ ಬಾಗಿಲದ್ದು. ಒಳಗಿಂದ ಯಾರೋ ಅಗಳಿ ತಗದ್ರು ಅಂತ ಹೇಳಿ ಕದರ ಕೆಳಗಿಟ್ಳು. ಮುಂದ ಅಂದ್ರ, ಬರೋ ತಿಂಗಳ ಬಾ ಅಂದ್ಳು. ಬಂದೀನಿ ನೋಡ್ರಿ!”

ಗಂಗುಬಾಯಿಯ ಪದ್ಧತಿ ಊರಿಗೇ ಗೊತ್ತು. ಕೈಯಲ್ಲಿ ಕದಿರು ತಿರುಗಿಸಿ ಉಣ್ಣೆ ನೂಲುತ್ತ ಕತೆ ಹೇಳುವಳು. ಕದಿರಿನ ತುಂಬ ನೂಲು ಸುತ್ತಿದರೆ ಕತೆ ಬಂದ್. ಕದಿರು ತುಂಬುವುದೂ ಕತೆಯಲ್ಲಿ ಯಾರಾದರೂ ಬಾವಿಯ ಅಂಚಿನಲ್ಲಿ ಕಾಲು ಜಾರುವುದೂ ಒಂದೇ ಗಳಿಗೆಗೆ ಹೇಗೆ ಆಗುತ್ತದೆ ಎಂಬುದನ್ನು ಮಾತ್ರ ಯಾರೂ ಪತ್ತೆ ಹಚ್ಚಿರಲಿಲ್ಲ.

ಮಣ್ಣು ಮಾಡುವುದು ತಡವಾಗುವಂತಿತ್ತು. ಮಗ ಮಡೆಪ್ಪ ಕುರಿಹಿಂಡಿನ ಜೊತೆ ಠಾಣಾ ಕುಶನೂರದ ಕಡೆಗಿದ್ದ. ಅವನನ್ನು ಕರೆತರಲು ನಸುಕಿನಲ್ಲೇ ಸೈಕಲ್ಲಿನ ಮೇಲೆ ಆಳು ಹೋಗಿದ್ದ.

* * *

ಏಳು ವರ್ಷದ ಹಿಂದೆ, ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಸೆಪ್ಟೆಂಬರಿನಲ್ಲಿ, ಹಮೀದುನ್ನಿಸಾ ಇದೇ ಮನೆಯ ಉಣ್ಣೆಯ ಕೋಣೆಯಲ್ಲಿ ಅಡಗಿದ್ದಳು. ಗಂಡ, ದರ್ಜಿ ಮುನೀರೋದ್ದೀನ, ಬಟ್ಟೆ ತರಲು ಬೀದರಕ್ಕೆ ಹೋದವನು ಮರಳಿರಲಿಲ್ಲ. ಹೊರಗೆ ಕಾಲಿಟ್ಟರೆ ಮುಸ್ಲಿಮರ ಜೀವಕ್ಕೆ ಭರವಸೆ ಇಲ್ಲದ ದಿನಗಳು.

“ಸತ್ರ ಸಾಯ್ತೇನಿ, ಅವರನ್ನ ಹುಡುಕ್ಕೊಂಡು ಹೋಗ್ತೇನಿ,” ಎಂದು ಅವಳು ಬಾಗಿಲಿಗೆ ಬಂದಳು.

ಗಂಗುಬಾಯಿ ಅಡ್ಡ ಬರಲಿಲ್ಲ. ಕದಿರು ತಿರುಗಿಸುತ್ತ, “ಹೋಗಂತಿ, ಇದೊಂದು ಕೇಳು. ಒಬ್ಬಾಕಿ ಕುರುಬರಾಕಿ ಇದ್ಳು. ಆಕಿ ಬಿಳಿ ಮರಿ ಹಾಳ ಬಾವ್ಯಾಗ ಬಿತ್ತು. ಆಕಿನೂ ಇಳದ್ಳು. ತಳದಾಗ ನೀರಿಲ್ಲ, ಒಂದು ಬಾಗಿಲ ಅದ. ಒಳಗಿಂದ ಯಾರೋ ಆಕಿ ಹೆಸರು ಹಿಡದು ಕರದ್ರು,” ಎಂದವಳೇ ಕದಿರು ಕೆಳಗಿಟ್ಟಳು.

“ಯಾರು?”

“ಕದರ ತುಂಬ್ತು. ನಾಳಿ ಕೇಳಿ ಹೋಗು.”

ಆ ನಾಳೆ ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ಮುನೀರೋದ್ದೀನ ಜೀವಂತ ಬಂದು ಕದ ತಟ್ಟಿದಾಗ, ಕತೆ ಎರಡನೆಯ ಬಾಗಿಲಲ್ಲಿತ್ತು. ಹಮೀದುನ್ನಿಸಾ ಗಂಡನ ಕೈ ಹಿಡಿದು ಅತ್ತಳು, ನಕ್ಕಳು, ಆಮೇಲೆ ಹಿಂದಿರುಗಿ ಕೇಳಿದಳು: “ಗಂಗಕ್ಕ, ಮುಂದ?”

ಗಂಡ ಹೆಂಡತಿ ಬೀದರಕ್ಕೆ ಹೋಗಿ ಗಂಜ್ ಮಾರುಕಟ್ಟೆಯ ಹತ್ತಿರ ಹೊಲಿಗೆ ಅಂಗಡಿ ಇಟ್ಟರು. ಹಲಬರ್ಗಾದಲ್ಲಿ ಅವಳಿಗೆ ಮನೆ ಉಳಿಯಲಿಲ್ಲ, ಬಳಗವೂ ಉಳಿಯಲಿಲ್ಲ. ಹುಟ್ಟಿದೂರಿಗೆ ತಿಂಗಳಿಗೊಮ್ಮೆ ಬರಲು ಇದ್ದ ನೆಪ ಆ ಕತೆಯೊಂದೇ.

* * *

“ಇನ್ನ ಏನಂತ ಹೇಳಿ ಈ ಊರಿಗೆ ಬರ್ಲಿ?” ಹಮೀದುನ್ನಿಸಾ ಮೂಗು ಒರೆಸಿಕೊಂಡಳು. “ಸುಂದ್ರಾ, ನಿನಗಾರ ಕಡಿಗೇನಾಯ್ತಂತ ಹೇಳಿರಬೇಕಲ್ಲ. ಸೊಸಿ ನೀ.”

ಹಮೀದುನ್ನಿಸಾಳನ್ನು ಚಿಕ್ಕಮ್ಮನೆಂದು ‘ಖಾಲಾ’ ಎನ್ನುತ್ತಿದ್ದ ಸೊಸೆ ಸುಂದರಬಾಯಿ ಕಣ್ಣರಳಿಸಿದಳು. “ನನಗ? ನಿಮಗ ಹೇಳ್ಯಾರಂತ ಏಳು ವರ್ಷ ಹೊಟ್ಟಿಕಿಚ್ಚು ಪಟ್ಟೀನ್ರಿ ಖಾಲಾ! ಸಿಟ್ಟಿಗೆದ್ದು ತವರಿಗೆ ಹೋಗ್ತೇನಂತ ಗಂಟು ಕಟ್ಟಿದಾಗೆಲ್ಲ ನಮ್ಮತ್ತಿ ಒಂದು ಬಾಗಿಲ ತಗೀತಿದ್ರು. ಗಂಟು ಬಿಚ್ಚಿ ಕೂಡ್ತಿದ್ದೆ.”

“ಅಲ್ಲೇ, ನಾನೂ ನಿನ್ನ ಮ್ಯಾಲ ಉರ್ಕೊಂಡೀನಿ!”

ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿದ್ದ ಗಂಗುಬಾಯಿಯ ಗಂಡ ಬಕ್ಕಪ್ಪ ಮುಂದಕ್ಕೆ ಸರಿದ.

“ಆಕಿಗೇ ಗೊತ್ತಿರಲಿಲ್ಲ ತಂಗಿ. ಮುಂಜಾನಿ ನನ್ನ ಎಬ್ಬಿಸಿ ಕೇಳ್ತಿದ್ಳು, ಕತಿ ಯಾವ ಬಾಗಿಲದಾಗ ಬಿಟ್ಟೀನಿ, ಒಳಗ ಯಾರನ್ನ ಕೂಡಸ್ಲಿ ಅಂತ. ಒಮ್ಮಿ ನಾ ಹುಲಿ ಕೂಡಸು ಅಂದೆ. ಹುಲಿ ಬಂದ್ರ ಕತಿ ಅಲ್ಲಿಗೇ ಮುಗೀತದ, ಅಷ್ಟೂ ತಿಳಿಯಂಗಿಲ್ಲೇನ ಅಂತ ಬೈದ್ಳು.”

ಸತ್ಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗು ನಿಲ್ಲಲಿಲ್ಲ. ಸಾವಿನ ಮನೆಯೆಂಬುದನ್ನು ಮರೆತು ಅಂಗಳವೆಲ್ಲ ನಕ್ಕಿತು. ಅದೇ ಹೊತ್ತಿಗೆ ಓಡುತ್ತ ಬಂದ ಮಡೆಪ್ಪ ಆ ನಗು ಕೇಳಿ, ಸುದ್ದಿ ಸುಳ್ಳಾಗಿರಬೇಕು, ಅವ್ವ ಕತೆ ಹೇಳುತ್ತಿರಬೇಕು ಎಂದು ಹಿಗ್ಗಿ ಒಳಗೆ ಬಂದ. ಆಮೇಲೆ ತಾಯಿಯ ಮುಂದೆ ಕೂತು ಚಿಕ್ಕ ಮಗುವಿನಂತೆ ಅತ್ತ.

ಹೆಣ ಎತ್ತುವಾಗ ಯಾರೋ, ಕದಿರನ್ನೂ ಜೊತೆಗೆ ಇಟ್ಟುಬಿಡೋಣ ಎಂದರು. ಬಕ್ಕಪ್ಪ ಅದನ್ನು ಕೈಯಲ್ಲಿ ಹಿಡಿದು ನೋಡಿದ. ನೂಲು ಅರ್ಧಕ್ಕೇ ನಿಂತಿತ್ತು.

“ಇನ್ನ ತುಂಬಿಲ್ಲ. ಇಲ್ಲೇ ಇರ್ಲಿ,” ಎಂದು ಸೊಸೆಯ ಕೈಗೆ ಕೊಟ್ಟ.

ಮಣ್ಣು ಮುಗಿದು ಮಂದಿ ಚದುರಿದರು. ಸಂಜೆಯ ಮೋಟಾರಿಗೆ ಕಾಯುತ್ತ ಹಮೀದುನ್ನಿಸಾ ಕಟ್ಟೆಯ ಮೇಲೆ ಚೀಲ ಹಿಡಿದು ಕೂತಿದ್ದಳು. ಬಾವಿ, ಬೇವಿನ ಗಿಡ, ತಾನು ಅಡಗಿದ್ದ ಕೋಣೆ, ಎಲ್ಲವನ್ನೂ ಕಡೆಯ ಸಲವೆಂಬಂತೆ ನೋಡಿದಳು.

ಸುಂದರಬಾಯಿ ಪಕ್ಕಕ್ಕೆ ಬಂದು ಕೂತು ಕದಿರು ತಿರುಗಿಸಿದಳು. ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬಂತು.

“ಬಾಗಿಲ ತೆರೀತ್ರಿ ಖಾಲಾ.”

ಹಮೀದುನ್ನಿಸಾ ಚೀಲ ಕೆಳಗಿಟ್ಟಳು.

“ಒಳಗ ಒಬ್ಬಾಕಿ ಮುದುಕಿ ಕೂತು ಉಣ್ಣಿ ನೂಲಲಿಕತ್ತಾಳ. ತೊಡಿ ಮ್ಯಾಲ ಬಿಳಿ ಮರಿ ಮಲಗ್ಯದ. ‘ಎಷ್ಟು ತಡಾ ಮಾಡ್ದಿ ತಂಗಿ’ ಅಂದು ಮುದುಕಿ ಮಾರಿ ಎತ್ತಿ ಆಕಿನ್ನ ನೋಡಿದ್ಳು. ಆ ಮಾರಿ ನೋಡಿ ಕುರುಬರಾಕಿ…”

ರಸ್ತೆಯಲ್ಲಿ ಮೋಟಾರಿನ ಹಾರ್ನ್ ಕೇಳಿಸಿತು. ಸುಂದರಬಾಯಿ ಕದಿರು ಕೆಳಗಿಟ್ಟಳು.

“ಮುಂದ?”

“ಮೋಟಾರ ಬಂತಲ್ರಿ. ಬರೋ ತಿಂಗಳ ಬರ್ರಿ.”

“ಕದರ ಇನ್ನ ತುಂಬಿಲ್ಲಲ್ಲೇ!”

“ಅದಕ್ಕೇ ಬರ್ರಿ ಅಂದೀನಿ.”

ಹಮೀದುನ್ನಿಸಾ ಅವಳನ್ನು ಬಯ್ಯುತ್ತಲೇ ರಸ್ತೆಗೆ ಓಡಿದಳು. ಕಂಡಕ್ಟರ್ “ಹತ್ರಿ ಅಮ್ಮಾ, ಲಗೂನ ಹತ್ರಿ” ಎಂದು ಕೂಗುತ್ತಿದ್ದ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕಾಲು ಹಲಬರ್ಗಾದ ಮಣ್ಣಿನಲ್ಲಿ ಇಟ್ಟುಕೊಂಡು, ಅವಳು ಇನ್ನೂ ಆ ಕಟ್ಟೆಯ ಕಡೆಗೇ ನೋಡುತ್ತಿದ್ದಳು.